ಹೊಳೆಯ ಕಪ್ಪೆಚಿಪ್ಪು: ಬಗೆ ತಿಳಿದರೆ ಉಳಿವು

ಈ ಹೊತ್ತು ನಾನು ಹೇಳಬೇಕೆಂದಿರುವುದು ಭತ್ತದ ಮಾತಲ್ಲ, ಅಡಿಕೆಯ ಮಾತಲ್ಲ, ಗೊಬ್ಬರದ ಮಾತೂ ಅಲ್ಲ. ನಮ್ಮ ಹೊಳೆ, ಹಳ್ಳ, ಕೆರೆಗಳ ತಳದಲ್ಲಿ ಸದ್ದುಗದ್ದಲವಿಲ್ಲದೆ ಬದುಕುತ್ತಿರುವ ಕಪ್ಪೆಚಿಪ್ಪಿನ ಮಾತು. “ಇದೇನಪ್ಪಾ, ಬೇಸಾಯ ಬಿಟ್ಟು ಚಿಪ್ಪಿಗೆ ಕೈ ಹಾಕಿದರಲ್ಲ ಇವರು” ಎಂದು ಯಜಮಾನರು ಯಾರಾದರೂ ನಗಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಕೊನೆಯ ಹೊತ್ತಿಗೆ ಈ ಮಾತು ನಿಮ್ಮ ತೋಟದ ಔಷಧಿ ಡ್ರಮ್ಮಿಗೂ, ಬೇಸಿಗೆಯ ಪಂಪಿಗೂ, ಮೇಲುಗೊಬ್ಬರದ ಚೀಲಕ್ಕೂ ಬಂದೇ ಬರುತ್ತದೆ.

ಮೊದಲು ಈ ಪ್ರಾಣಿಯ ಪರಿಚಯವಾಗಲಿ. ಹೆಸರಿನಲ್ಲಿ ಕಪ್ಪೆ ಇದ್ದರೂ ಕಪ್ಪೆಗೂ ಇದಕ್ಕೂ ಸಂಬಂಧವಿಲ್ಲ. ಬಸವನಹುಳುವಿಗೆ ಸುರುಳಿ ಸುತ್ತಿದ ಒಂದೇ ಚಿಪ್ಪು. ಕಪ್ಪೆಚಿಪ್ಪಿಗೆ ಪೆಟ್ಟಿಗೆಯ ಹಾಗೆ ತೆರೆದು ಮುಚ್ಚುವ ಎರಡು ಚಿಪ್ಪು. ಎರಡೂ ಬೆನ್ನಿನ ಕಡೆ ಒಂದು ಕೀಲಿನಿಂದ ಕೂಡಿಕೊಂಡಿರುತ್ತವೆ. ಒಳಗಿರುವ ಮೆತ್ತಗಿನ ಜೀವವು ಹೊಳೆಯ ನೀರನ್ನು ಒಳಕ್ಕೆಳೆದುಕೊಂಡು, ಕಿವಿರಿನಲ್ಲಿ ಸೋಸಿ, ನೀರಿನಲ್ಲಿ ತೇಲುವ ಪಾಚಿಯ ಕಣ, ಕೊಳೆತ ಎಲೆಯ ಪುಡಿ ಮುಂತಾದುವನ್ನು ತಿಂದು, ಸೋಸಿದ ನೀರನ್ನು ಹೊರಕ್ಕೆ ಬಿಡುತ್ತದೆ. ಮನೆಯಲ್ಲಿ ತಾಯಂದಿರು ಬಟ್ಟೆ ಕಟ್ಟಿ ನೀರು ಸೋಸುವುದಿಲ್ಲವೇ? ಅದೇ ಕೆಲಸವನ್ನು ಇದು ಹಗಲೂ ರಾತ್ರಿ ಮಾಡುತ್ತಿರುತ್ತದೆ. ಚೆನ್ನಾಗಿ ಬೆಳೆದ ಒಂದೊಂದು ಚಿಪ್ಪು ದಿನಕ್ಕೆ ಹಲವು ಲೀಟರು ನೀರನ್ನು ಸೋಸುತ್ತದೆ. ಒಂದು ಮಡುವಿನಲ್ಲಿ ಸಾವಿರ ಚಿಪ್ಪು ಇದ್ದರೆ ಆಗುವ ಕೆಲಸವನ್ನು ನೀವೇ ಲೆಕ್ಕ ಹಾಕಿ. ಕೂಲಿ ಇಲ್ಲ, ಕರೆಂಟು ಇಲ್ಲ.

ಇದರ ಸಂತಾನದ ಕ್ರಮ ಇನ್ನೂ ಸೋಜಿಗದ್ದು. ಹೆಣ್ಣು ಚಿಪ್ಪು ತನ್ನ ಕಿವಿರಿನಲ್ಲೇ ಮರಿಗಳನ್ನು ಇಟ್ಟುಕೊಂಡು ಸಾಕಿ ಆಮೇಲೆ ನೀರಿಗೆ ಬಿಡುತ್ತದೆ. ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣದಾದ ಆ ಮರಿಗಳು ತಾವಾಗಿ ಬದುಕಲಾರವು. ಮೀನೊಂದು ಹತ್ತಿರ ಬಂದಾಗ ಅದರ ಕಿವಿರನ್ನೋ ರೆಕ್ಕೆಯನ್ನೋ ಹಿಡಿದುಕೊಂಡು, ಕೆಲವು ದಿನ ಅಥವಾ ವಾರ ಅಲ್ಲೇ ಬೆಳೆದು, ರೂಪ ಬದಲಾಯಿಸಿ, ಮತ್ತೆ ಹೊಳೆಯ ತಳಕ್ಕೆ ಉದುರಿ ಬೇರೆ ಬಾಳು ಹೂಡುತ್ತವೆ. ಮೀನು ಸಿಗದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತವೆ. ಅಲ್ಲದೆ ಎಲ್ಲಾ ಚಿಪ್ಪಿಗೂ ಎಲ್ಲಾ ಮೀನೂ ಒಗ್ಗುವುದಿಲ್ಲ. ಕೆಲವು ಬಗೆಗೆ ಹಲವು ಮೀನು ನಡೆದೀತು, ಕೆಲವು ಬಗೆಗೆ ಒಂದೋ ಎರಡೋ ಜಾತಿಯ ಮೀನೇ ಬೇಕು. ಆದ್ದರಿಂದ ಹೊಳೆಯಲ್ಲಿ ಮೀನು ಹೋಯಿತೆಂದರೆ ಅದರ ಹಿಂದೆಯೇ ಚಿಪ್ಪೂ ಹೋಯಿತು.

ಇನ್ನು ಇಂದಿನ ಮುಖ್ಯ ವಿಷಯಕ್ಕೆ ಬರೋಣ. ನಾವು ಎಲ್ಲವನ್ನೂ “ಕಪ್ಪೆಚಿಪ್ಪು” ಎಂಬ ಒಂದೇ ಹೆಸರಿನಿಂದ ಕರೆದು ಬಿಡುತ್ತೇವೆ. ಭತ್ತದ ವಿಷಯದಲ್ಲಿ ಹಾಗೆ ಮಾಡುತ್ತೇವೆಯೇ? ರಾಜಮುಡಿ ಬೇರೆ, ಗಂಧಸಾಲೆ ಬೇರೆ, ಇಂಟಾನ್ ಬೇರೆ. ಬಿತ್ತುವ ಕಾಲ, ನಿಲ್ಲಿಸುವ ನೀರು, ಬರುವ ರೋಗ ಎಲ್ಲವೂ ಬೇರೆ. ಹಾವಿನ ವಿಷಯದಲ್ಲೂ ಅಷ್ಟೆ. ನಾಗರಹಾವನ್ನು ಕಂಡು ದೂರ ಸರಿಯುವ ರೈತ, ಇಲಿ ಹಿಡಿಯುವ ಕೇರೆಹಾವನ್ನು ಗದ್ದೆಯಲ್ಲಿ ಇರಲಿ ಎಂದು ಬಿಡುತ್ತಾನೆ. ಎರಡನ್ನೂ ಹಾವು ಎಂದು ಬಡಿದರೆ ನಷ್ಟ ಯಾರಿಗೆ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮ್ಮಲ್ಲಿ ಇದ್ದೇ ಇದೆ. ಬಗೆ ತಿಳಿಯುವುದು ಬೇಸಾಯಗಾರನ ಮೊದಲ ವಿದ್ಯೆ. ಅದೇ ವಿದ್ಯೆಯನ್ನು ಪ್ರಾಣಿ, ಗಿಡಗಳಿಗೆಲ್ಲ ಕ್ರಮವಾಗಿ ಅನ್ವಯಿಸುವುದಕ್ಕೆ ವಿಜ್ಞಾನಿಗಳು ವರ್ಗೀಕರಣ ಎನ್ನುತ್ತಾರೆ. ಒಂದೇ ಬಗೆಯ ಜೀವಿಗಳು ಒಂದು ಜಾತಿ. ಹತ್ತಿರದ ಜಾತಿಗಳು ಸೇರಿ ಒಂದು ಕುಲ. ಹತ್ತಿರದ ಕುಲಗಳು ಸೇರಿ ಒಂದು ಕುಟುಂಬ. ಮನೆ, ವಂಶ, ಬಳಗ ಎಂದುಕೊಂಡರೂ ನಡೆದೀತು.

ನಮ್ಮ ಕಡೆಯ ಚಿಪ್ಪುಗಳನ್ನೇ ನೋಡಿ. ಕೆರೆ, ಕಾಲುವೆ, ನಿಧಾನವಾಗಿ ಹರಿಯುವ ಹೊಳೆಯ ಕೆಸರಿನಲ್ಲಿ ಸಿಗುವುದು ಉದ್ದನೆಯ, ನುಣುಪಾದ, ಹೆಚ್ಚು ದಪ್ಪವಿಲ್ಲದ ಚಿಪ್ಪು. ಚೆನ್ನಾಗಿ ಬೆಳೆದರೆ ಅಂಗೈ ಉದ್ದ ಆಗುತ್ತದೆ. ಒಳಗಡೆ ಮುತ್ತಿನ ಹೊಳಪು. ಮಕ್ಕಳು ಇದನ್ನು ಕಲ್ಲಿಗೆ ತೇಯ್ದು ತೂತು ಮಾಡಿ ಮಾವಿನಕಾಯಿ ಸಿಪ್ಪೆ ಹೆರೆಯುವುದುಂಟು. ಇದರ ಶಾಸ್ತ್ರೀಯ ಹೆಸರು ಲ್ಯಾಮೆಲಿಡೆನ್ಸ್ ಮಾರ್ಜಿನಾಲಿಸ್. ಲ್ಯಾಮೆಲಿಡೆನ್ಸ್ ಎಂದರೆ ಹಾಳೆಯಂಥ ಹಲ್ಲಿನದು ಎಂದರ್ಥ. ಒಣಗಿದ ಚಿಪ್ಪಿನ ಕೀಲನ್ನು ಬೆಳಕಿಗೆ ಹಿಡಿದು ನೋಡಿದರೆ ಉದ್ದಕ್ಕೆ ತೆಳ್ಳಗಿನ ಹಲ್ಲಿನ ಏಣು ಕಾಣುತ್ತದೆ. ಹೆಸರು ಬಂದದ್ದು ಅದರಿಂದಲೇ. ಎರಡನೆಯದು ಇದಕ್ಕಿಂತ ಚಿಕ್ಕದು, ದುಂಡಾದದ್ದು, ಗಟ್ಟಿಯಾದದ್ದು. ಕೀಲಿನ ಹತ್ತಿರದ ಉಬ್ಬಿನಲ್ಲಿ ಅಂಕುಡೊಂಕಾದ ಸುಕ್ಕುಗೆರೆಗಳಿರುತ್ತವೆ. ಇದು ಪರೇಷಿಯಾ ಕೊರುಗಾಟ. ಕೊರುಗಾಟ ಎಂದರೆ ಸುಕ್ಕುಗಟ್ಟಿದ್ದು. ಈ ಎರಡೂ ನಮ್ಮ ದೇಶದ ಹಲವು ಪ್ರಾಂತಗಳಲ್ಲಿ ಧಾರಾಳವಾಗಿ ಸಿಗುತ್ತವೆ.

ಮೂರನೆಯದನ್ನು ನೀವು ನೋಡಿದ್ದರೂ ಚಿಪ್ಪು ಎಂದು ಗುರುತಿಸಿರಲಾರಿರಿ. ತುಂಗಾ, ಭದ್ರಾ ನದಿಗಳಲ್ಲಿ ನೀರು ರಭಸವಾಗಿ ಹರಿಯುವ ಕಡೆ ಬಂಡೆಗೆ ಕಚ್ಚಿಕೊಂಡು, ಬಂಡೆಯದೇ ಒಂದು ಚೂರಿನಂತೆ ಇರುವ ಒರಟು ಚಿಪ್ಪು ಇದು. ಒಂದು ಚಿಪ್ಪನ್ನು ಗಾರೆ ಹಾಕಿ ಮೆತ್ತಿದ ಹಾಗೆ ಬಂಡೆಗೆ ಅಂಟಿಸಿಕೊಂಡಿರುತ್ತದೆ. ಇನ್ನೊಂದು ಚಿಪ್ಪು ಮುಚ್ಚಳದಂತೆ ಮೇಲಿರುತ್ತದೆ. ಆಕಾರ ಒಂದರಂತೆ ಒಂದಿಲ್ಲ. ಬಂಡೆ ಹೇಗಿದೆಯೋ ಚಿಪ್ಪು ಹಾಗೆ. ಎಳೆಯದಾಗಿದ್ದಾಗ ಮಾತ್ರ ಇದು ಬೇರೆ ಚಿಪ್ಪುಗಳಂತೆಯೇ ಬಿಡಿಯಾಗಿ ಇದ್ದು, ಒಮ್ಮೆ ಅಂಟಿಕೊಂಡ ಮೇಲೆ ಸಾಯುವ ತನಕ ಅಲ್ಲಿಂದ ಕದಲುವುದಿಲ್ಲ. ಈ ಮಾತಿನ ಉಳಿದ ಭಾಗದಲ್ಲಿ ಇದನ್ನು ಬಂಡೆಚಿಪ್ಪು ಎಂದು ಕರೆಯೋಣ. ಶಾಸ್ತ್ರದ ಹೆಸರು ಸ್ಯೂಡೊಮುಲ್ಲೇರಿಯಾ ಡಾಲಿಯೈ. ಈ ಉದ್ದನೆಯ ಹೆಸರಿನ ಹಿಂದೆ ನೂರು ವರ್ಷಕ್ಕೂ ಮೀರಿದ ಒಂದು ಕಥೆ ಇದೆ. ಅದನ್ನು ಕೇಳಿದರೆ ವರ್ಗೀಕರಣ ಏಕೆ ಬೇಕೆಂಬುದು ತಾನಾಗಿ ತಿಳಿಯುತ್ತದೆ.

1898ರಲ್ಲಿ ಇಂಗ್ಲೆಂಡಿನ ಸ್ಮಿತ್ ಎಂಬ ವಿದ್ವಾಂಸರು ಭದ್ರಾ ನದಿಯಿಂದ ಬಂದ ಈ ಚಿಪ್ಪನ್ನು ಮೊದಲ ಬಾರಿಗೆ ವಿವರಿಸಿ ಹೆಸರಿಟ್ಟರು. ಅದನ್ನು ನೋಡಿ ಅವರಿಗೆ ಬಹಳ ಆಶ್ಚರ್ಯವಾಗಿರಬೇಕು. ಏಕೆಂದರೆ ಸಿಹಿನೀರಿನಲ್ಲಿ ಬಂಡೆಗೆ ಅಂಟಿ ಬೆಳೆಯುವ ಇಂಥದೇ ಒಂದು ಚಿಪ್ಪು ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಮ್ಯಾಗ್ಡಲೇನಾ ನದಿಯಲ್ಲಿದೆ. ಅದಕ್ಕೆ ಆಗ ಮುಲ್ಲೇರಿಯಾ ಎಂಬ ಕುಲದ ಹೆಸರಿತ್ತು. ರೂಪ ನೋಡಿ ನಮ್ಮ ಬಂಡೆಚಿಪ್ಪನ್ನೂ ಅದೇ ಕುಲಕ್ಕೆ ಸೇರಿಸಿದರು. ಸಾವಿರಾರು ಮೈಲಿ ಸಮುದ್ರದಾಚೆ ಇದ್ದ ನೆಂಟರಿಗೂ ನಮ್ಮ ಮಲೆನಾಡಿಗೂ ಹೀಗೆ ಸಂಬಂಧ ಕೂಡಿತು. 1907ರಲ್ಲಿ ಆಂಥನಿ ಎಂಬವರು ಇದು ಬೇರೆ ಕುಲವೆಂದು ಹೇಳಿ ಸ್ಯೂಡೊಮುಲ್ಲೇರಿಯಾ ಎಂಬ ಹೆಸರಿಟ್ಟರು. ಮುಲ್ಲೇರಿಯಾದಂತೆ ಕಂಡರೂ ಮುಲ್ಲೇರಿಯಾ ಅಲ್ಲದ್ದು ಎಂದರ್ಥ. ಆದರೂ ಅಮೆರಿಕದ ಚಿಪ್ಪು, ಆಫ್ರಿಕದ ನದಿಗಳಲ್ಲಿರುವ ಇನ್ನೊಂದು ಅಂಟುಚಿಪ್ಪು, ನಮ್ಮ ಬಂಡೆಚಿಪ್ಪು ಮೂರೂ ಒಂದೇ ಕುಟುಂಬದವು ಎಂಬ ಅಭಿಪ್ರಾಯ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಪುಸ್ತಕಗಳಲ್ಲಿ ಉಳಿದುಕೊಂಡಿತು.

ಹೊರಗಿನ ರೂಪ ಎಷ್ಟೋ ಸಲ ಮೋಸ ಮಾಡುತ್ತದೆ. ಕಾಗೆಯೂ ಹಾರುತ್ತದೆ, ಬಾವಲಿಯೂ ಹಾರುತ್ತದೆ. ಆದರೆ ಬಾವಲಿ ಮರಿ ಹಾಕಿ ಹಾಲೂಡಿಸುತ್ತದೆ. ರೆಕ್ಕೆ ಇದ್ದ ಮಾತ್ರಕ್ಕೆ ಎರಡೂ ಒಂದೇ ಬಳಗ ಆದೀತೆ? ಚಿಪ್ಪಿನ ವಿಷಯದಲ್ಲಿ ಈ ಸಂದೇಹವನ್ನು ಬಗೆಹರಿಸಿದ್ದು ವಂಶವಾಹಿ ಪರೀಕ್ಷೆ. ಪ್ರತಿಯೊಂದು ಜೀವಿಯ ಮೈಯ ಕಣಕಣದಲ್ಲೂ ತಂದೆ ತಾಯಿಯಿಂದ ಇಳಿದು ಬಂದ ಒಂದು ಬರಹವಿದೆ. ಅದಕ್ಕೆ ಡಿ.ಎನ್.ಎ. ಎನ್ನುತ್ತಾರೆ. ಊರಿನ ಶಾನುಭೋಗರ ಹಳೆಯ ಕಡತ ತೆರೆದು ಯಾವ ಹೊಲ ಯಾವ ಮನೆತನದ್ದು ಎಂದು ನೋಡಿದ ಹಾಗೆ, ಈ ಬರಹವನ್ನು ಓದಿ ಯಾರು ಯಾರಿಗೆ ಹತ್ತಿರದವರು ಎಂದು ಹೇಳಬಹುದು. 2000ನೆಯ ಇಸವಿಯಲ್ಲಿ ಬೋಗನ್ ಮತ್ತು ಹೋ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಈ ಅಂಟುಚಿಪ್ಪುಗಳ ಬರಹವನ್ನು ಹೋಲಿಸಿ ಪ್ರಕಟಿಸಿದರು. ನಮ್ಮ ಬಂಡೆಚಿಪ್ಪು ದೂರದ ಅಮೆರಿಕದ ಅಂಟುಚಿಪ್ಪಿನ ನೆಂಟನೇ ಅಲ್ಲ. ಕೆರೆಯಲ್ಲಿ ಸಿಗುವ ಲ್ಯಾಮೆಲಿಡೆನ್ಸ್, ಪರೇಷಿಯಾಗಳಿರುವ ಯೂನಿಯೊನಿಡೀ ಎಂಬ ಕುಟುಂಬವೇ ಇದರದೂ. ಎಂದರೆ ಬಂಡೆಗೆ ಅಂಟಿಕೊಳ್ಳುವ ಗುಣ ನಮ್ಮಲ್ಲಿ ಬೇರೆಯಾಗಿ, ಆ ಕಡೆ ಬೇರೆಯಾಗಿ ಹುಟ್ಟಿಕೊಂಡಿದೆ. ರಭಸದ ನೀರಿನಲ್ಲಿ ಕೊಚ್ಚಿ ಹೋಗದಿರಲು ಎರಡು ಕಡೆಯ ಜೀವಗಳೂ ಒಂದೇ ಉಪಾಯ ಕಂಡುಕೊಂಡವು, ಅಷ್ಟೆ.

“ಆಗಲಿ ಸ್ವಾಮಿ, ನೆಂಟಸ್ತಿಕೆ ಯಾವುದಾದರೇನು, ಅದರಿಂದ ನಮಗೇನು?” ಎಂದು ನೀವು ಕೇಳಬಹುದು. ಇಲ್ಲೇ ಇರುವುದು ಇದರ ಗುಟ್ಟು. ಅಮೆರಿಕದಲ್ಲಿ ಇಂಥದೇ ಇದೆ, ಆಫ್ರಿಕದಲ್ಲೂ ಇದೆ ಎಂದುಕೊಂಡಿದ್ದಾಗ, ಇಲ್ಲಿ ಹೋದರೂ ಇದರ ಬಳಗ ಬೇರೆ ಕಡೆ ಉಳಿದೀತು ಎಂಬ ಭಾವನೆ ಬರಬಹುದಾಗಿತ್ತು. ಈಗ ಗೊತ್ತಾದದ್ದು ಬೇರೆ. ಸ್ಯೂಡೊಮುಲ್ಲೇರಿಯಾ ಎಂಬ ಕುಲದಲ್ಲಿ ಇರುವುದು ಇದೊಂದೇ ಜಾತಿ. ಅದು ಇರುವುದು ಪಶ್ಚಿಮ ಘಟ್ಟದಲ್ಲಿ ಹುಟ್ಟುವ ನಮ್ಮ ನದಿಗಳಲ್ಲಿ ಮಾತ್ರ. ಇಲ್ಲಿ ಹೋದರೆ ಇಡೀ ಭೂಮಿಯ ಮೇಲಿಂದಲೇ ಹೋಯಿತು. ಮರುಬೀಜ ತರಿಸೋಣ ಎಂದರೆ ಬೇರೆ ಊರಿನಲ್ಲಿ ಕಣಜವಿಲ್ಲ. ಪಶ್ಚಿಮ ಘಟ್ಟದ ಸಿಹಿನೀರಿನ ಜೀವಿಗಳ ಬಗ್ಗೆ 2011ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಹೊರಡಿಸಿದ ವರದಿಯಲ್ಲಿ ಈ ಬಂಡೆಚಿಪ್ಪನ್ನು ಅಳಿವಿನಂಚಿನಲ್ಲಿರುವ ಜೀವಿಯೆಂದು ಗುರುತಿಸಿದ್ದಾರೆ. ತುಂಗಾ ನದಿಯಲ್ಲೂ ಕಾಣಸಿಗುವ ಆರ್ಸಿಡಾಪ್ಸಿಸ್ ಫೂಟಿಯೈ ಎಂಬ ಇನ್ನೊಂದು ಚಿಪ್ಪನ್ನೂ ಅದೇ ಸಾಲಿಗೆ ಸೇರಿಸಿದ್ದಾರೆ. ಅದಕ್ಕೆ ಹೆಸರಿಟ್ಟಿದ್ದು 1876ರಲ್ಲಿ. ಅದೂ ಪಶ್ಚಿಮ ಘಟ್ಟದ ಹೊಳೆಗಳದೇ ಆಸ್ತಿ.

ಹೆಸರಿಡುವುದರಲ್ಲಿ ತಪ್ಪು ಎರಡು ರೀತಿ ಆಗಬಹುದು. ಒಂದನ್ನು ಹಲವು ಮಾಡುವುದು ಒಂದು ತಪ್ಪು. ಕಪ್ಪೆಚಿಪ್ಪು ಬೆಳೆಯುವ ನೀರಿಗೆ ತಕ್ಕಂತೆ ಮೈ ಬದಲಾಯಿಸುತ್ತದೆ. ಕೆಸರಿನಲ್ಲಿ ಒಂದು ರೂಪ, ಮರಳಿನಲ್ಲಿ ಒಂದು ರೂಪ, ನಿಂತ ನೀರಿನಲ್ಲಿ ತೆಳ್ಳಗೆ, ಹರಿಯುವ ನೀರಿನಲ್ಲಿ ದಪ್ಪ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಬೂರ್ಗಿನ್ಯಾ ಎಂಬ ವಿದ್ವಾಂಸರೂ ಅವರ ಅನುಯಾಯಿಗಳೂ ಚಿಪ್ಪಿನ ರೂಪದ ಸಣ್ಣ ಸಣ್ಣ ವ್ಯತ್ಯಾಸಗಳಿಗೆಲ್ಲ ಒಂದೊಂದು ಹೆಸರು ಕೊಡುತ್ತಾ ಹೋದರು. ಕೈಬೆರಳಲ್ಲಿ ಎಣಿಸಬಹುದಾದ ಜಾತಿಗಳಿಗೆ ನೂರಾರು ಹೆಸರಾಯಿತು. ಒಂದೇ ಹೊಲದ ಭತ್ತವನ್ನು ಬದುವಿನ ಹತ್ತಿರದ್ದು ಒಂದು ತಳಿ, ನಡುಗದ್ದೆಯದು ಒಂದು ತಳಿ ಎಂದ ಹಾಗೆ. ಆಮೇಲಿನವರು ಆ ಹೆಸರುಗಳ ಗಂಟು ಬಿಡಿಸುವುದರಲ್ಲೇ ಬಹಳ ಕಾಲ ಕಳೆಯಬೇಕಾಯಿತು.

ಹಲವನ್ನು ಒಂದು ಮಾಡುವುದು ಎರಡನೆಯ ತಪ್ಪು. ನಮ್ಮ ನಿಮ್ಮಂಥವರು ದಿನವೂ ಮಾಡುವುದು ಇದೇ, ಇದರಿಂದ ಆಗುವ ನಷ್ಟವೂ ಹೆಚ್ಚು. ಒಂದು ಲೆಕ್ಕ ಹೇಳುತ್ತೇನೆ, ಕೇಳಿ. ನಿಮ್ಮ ಹಟ್ಟಿಯಲ್ಲಿ 20 ಕುರಿ, 10 ಮೇಕೆ ಇವೆ ಎಂದಿಟ್ಟುಕೊಳ್ಳಿ. ಮಗನಿಗೆ ತಲೆ ಎಣಿಸಲು ಮಾತ್ರ ಹೇಳಿಕೊಟ್ಟಿದ್ದೀರಿ. ವರ್ಷ ಕಳೆದ ಮೇಲೆ 30 ಇವೆ ಎನ್ನುತ್ತಾನೆ. ಸಂತೋಷ ಪಡುತ್ತೀರಿ. ಆದರೆ ಅಷ್ಟರಲ್ಲಿ ಮೇಕೆಗಳೆಲ್ಲಾ ರೋಗದಿಂದ ಸತ್ತು, 10 ಕುರಿಮರಿ ಹುಟ್ಟಿವೆ. ಲೆಕ್ಕ ಸರಿ ಇದೆ, ಮೇಕೆ ಒಂದೂ ಇಲ್ಲ! ಹೊಳೆಯಲ್ಲಿ ಆಗುವುದೂ ಹೀಗೆಯೇ. ಕೆಸರಿನಲ್ಲಿ ಬಾಳಬಲ್ಲ ಚಿಪ್ಪು ಎಲ್ಲೆಂದರಲ್ಲಿ ಕಾಣುತ್ತದೆ. “ಅಯ್ಯೋ, ಚಿಪ್ಪಿಗೇನು ಬರ, ಬೇಕಾದಷ್ಟಿವೆ” ಅಂತ ನಾವು ಸುಮ್ಮನಿರುತ್ತೇವೆ. ಅತ್ತ ರಭಸದ ನೀರಿನ ಬಂಡೆಚಿಪ್ಪು ಒಂದೊಂದೇ ಕಡೆ ಇಲ್ಲವಾಗುತ್ತಾ ಹೋಗುತ್ತದೆ.

ಇನ್ನೂ ಒಂದು ಮೋಸವಿದೆ. ಹೊಳೆಯ ಚಿಪ್ಪುಗಳಲ್ಲಿ ಹತ್ತಾರು ವರ್ಷ ಬಾಳುವ ಜಾತಿಗಳುಂಟು. ನೀರು ಕೆಟ್ಟು, ಮೀನು ಹೋಗಿ, ಮರಿಗಳು ಹುಟ್ಟುವುದು ನಿಂತರೂ ಮುದಿ ಚಿಪ್ಪುಗಳು ಬಹುಕಾಲ ಉಳಿದಿರುತ್ತವೆ. ಮಕ್ಕಳಿಲ್ಲದ, ಬರೀ ಮುದುಕರೇ ಇರುವ ಊರಿನ ಹಾಗೆ. ನೋಡುವವರಿಗೆ ಊರು ತುಂಬಿದಂತೆ ಕಾಣುತ್ತದೆ. ಆದ್ದರಿಂದ ಎಷ್ಟು ಚಿಪ್ಪು ಇವೆ ಎಂದು ನೋಡಿದರೆ ಸಾಲದು. ಯಾವ ಬಗೆಯವು, ಅವುಗಳಲ್ಲಿ ಎಳೆಯವು ಇವೆಯೇ ಎಂದು ನೋಡಬೇಕು.

ಕೆಟ್ಟ ಮೇಲೆ ಬುದ್ಧಿ ಬಂದ ಒಂದು ದೇಶದ ನಿದರ್ಶನವೂ ನಮ್ಮ ಮುಂದಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ನದಿಗಳಲ್ಲಿ ಸುಮಾರು 300 ಜಾತಿಯ ಕಪ್ಪೆಚಿಪ್ಪುಗಳಿದ್ದವು. ಅಷ್ಟೊಂದು ಬಗೆ ಬೇರೆ ಯಾವ ದೇಶದಲ್ಲೂ ಇರಲಿಲ್ಲ. ಮಿಸ್ಸಿಸಿಪ್ಪಿ ನದಿಯ ದಂಡೆಯ ಮಸ್ಕಟೀನ್ ಎಂಬ ಊರಿನಲ್ಲಿ 1891ರಲ್ಲಿ ಚಿಪ್ಪಿನಿಂದ ಅಂಗಿಯ ಗುಂಡಿ ಮಾಡುವ ಕೆಲಸ ಶುರುವಾಯಿತು. ಆಮೇಲೆ ಕಾರ್ಖಾನೆಗಳೆದ್ದು, ದೋಣಿಗಟ್ಟಲೆ ಚಿಪ್ಪನ್ನು ಹೊಳೆಯಿಂದ ಬಾಚಿ ತೆಗೆದರು. ಪ್ಲಾಸ್ಟಿಕ್ ಗುಂಡಿ ಬಂದು ಆ ಉದ್ಯಮ ನಿಂತಿತು. ಅಷ್ಟರಲ್ಲಿ ನದಿಗಳಿಗೆ ಅಣೆಕಟ್ಟುಗಳಾದವು, ಕೊಳಕು ನೀರು ಸೇರಿತು, ಮರಿಗಳನ್ನು ಹೊರುವ ಮೀನುಗಳ ದಾರಿ ಕಟ್ಟಿತು. ಕೊನೆಗೆ 2023ರಲ್ಲಿ ಅಲ್ಲಿನ ಸರ್ಕಾರವೇ 8 ಜಾತಿಯ ಚಿಪ್ಪುಗಳು ಅಳಿದುಹೋದವೆಂದು ಘೋಷಿಸಿತು. ಆ ಎಂಟಕ್ಕೂ ಹೆಸರಿತ್ತು, ಗುರುತಿತ್ತು. ಆದ್ದರಿಂದಲೇ ಹೋದದ್ದಾದರೂ ಲೆಕ್ಕಕ್ಕೆ ಸಿಕ್ಕಿತು, ಉಳಿದವುಗಳಲ್ಲಿ ಯಾವುದಕ್ಕೆ ಮೊದಲು ಕೈ ಕೊಡಬೇಕು ಎಂಬುದೂ ತಿಳಿಯಿತು. ಹೆಸರೇ ಇಲ್ಲದ ಜೀವ ಹೋದರೆ ಅಳುವವರೂ ಇರುವುದಿಲ್ಲ.

ಇನ್ನು ನಾವು ಮಾಡಬೇಕಾದದ್ದು. ಬಗೆ ತಿಳಿದದ್ದರಿಂದ ಕೆಲಸ ಹೇಗೆ ಸುಲಭವಾಗುತ್ತದೆ ನೋಡಿ. ಕೆರೆಯ ಚಿಪ್ಪಿಗೆ ಕೆಸರಾದರೂ ನಡೆದೀತು. ಬಂಡೆಚಿಪ್ಪಿಗೆ ಬೇಕಾದದ್ದು ಹರಿಯುವ ತಿಳಿನೀರು, ಅಲುಗದ ಬಂಡೆ, ಹೊಳೆಯಲ್ಲಿ ಮೀನು, ಬೇಸಿಗೆಯಲ್ಲೂ ಬತ್ತದ ಮಡು. ಇವುಗಳಲ್ಲಿ ಕೆಲವು ಸರ್ಕಾರದ ಕೈಯಲ್ಲಿವೆ. ಅಣೆಕಟ್ಟು ನಮಗೆ ಬೇಕು, ಆದರೆ ಹಿನ್ನೀರು ನಿಂತ ಕಡೆ ಬಂಡೆಯ ಮೇಲೆ ಹೂಳು ಕೂರುತ್ತದೆ. ಉಳಿದ ಹರಿವಿನ ಭಾಗ ಅಷ್ಟರ ಮಟ್ಟಿಗೆ ಬೆಲೆಯುಳ್ಳದ್ದಾಗುತ್ತದೆ. ಆ ಉಳಿದ ಭಾಗ ಬಹುಮಟ್ಟಿಗೆ ನಿಮ್ಮ ತೋಟದ ಅಂಚಿನಲ್ಲಿ, ನಿಮ್ಮ ಕೈಯಲ್ಲಿದೆ.

ಮೊದಲನೆಯದು ಬೋರ್ಡೋ ದ್ರಾವಣ. ಅಡಿಕೆಯ ಕೊಳೆರೋಗಕ್ಕೆ ಇದರ ಬಳಕೆಯನ್ನು ಮೈಸೂರು ಸಂಸ್ಥಾನದಲ್ಲಿ ಕೋಲ್‌ಮನ್ ಸಾಹೇಬರು 1910ರ ಸುಮಾರಿಗೆ ತೋರಿಸಿಕೊಟ್ಟರು. ಅಂದಿನಿಂದ ಅದು ಮಲೆನಾಡಿನ ತೋಟಗಳನ್ನು ಕಾಪಾಡಿದೆ. ಹೊಡೆಯಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಅದರಲ್ಲಿರುವ ಮೈಲುತುತ್ತ ತಾಮ್ರದ ಉಪ್ಪು. ನೀರಿನ ಪ್ರಾಣಿಗಳ ಪೈಕಿ ಎಳೆಯ ಕಪ್ಪೆಚಿಪ್ಪಿನಷ್ಟು ತಾಮ್ರಕ್ಕೆ ಬೇಗ ಬಲಿಯಾಗುವ ಜೀವಗಳು ಬಹಳ ಕಡಿಮೆ. ಆದ್ದರಿಂದ 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಅಳತೆಯಲ್ಲಿ, ಆ ದಿನಕ್ಕೆ ಬೇಕಾದಷ್ಟನ್ನೇ ಕಲಸಿ. ಡ್ರಮ್ಮು, ಪಂಪು, ಪೈಪುಗಳನ್ನು ಹಳ್ಳಕ್ಕಿಳಿಸಿ ತೊಳೆಯಬೇಡಿ. ತೋಟದಲ್ಲೇ, ಹಳ್ಳದಿಂದ ದೂರ, ನೆಲ ಹೀರಿಕೊಳ್ಳುವ ಕಡೆ ತೊಳೆಯಿರಿ. ಉಳಿದ ದ್ರಾವಣವನ್ನು ಹೊಳೆಗೆ ಚೆಲ್ಲಬೇಡಿ. ಬೇರೆ ಕೀಟನಾಶಕದ ಡಬ್ಬಗಳಿಗೂ ಇದೇ ನಿಯಮ.

ಎರಡನೆಯದು ಯೂರಿಯಾ ಮತ್ತು ಕೊಟ್ಟಿಗೆಯ ಗಂಜಳ. ಇವುಗಳಿಂದ ನೀರಿಗೆ ಸೇರುವ ಅಮೋನಿಯಾ ಕೂಡ ಎಳೆಯ ಚಿಪ್ಪಿಗೆ ವಿಷ. 2013ರಲ್ಲಿ ಅಮೆರಿಕದ ಸರ್ಕಾರ ನದಿಯ ನೀರಿನಲ್ಲಿ ಇರಬಹುದಾದ ಅಮೋನಿಯಾದ ಮಿತಿಯನ್ನು ಇನ್ನಷ್ಟು ತಗ್ಗಿಸಿತು. ಅದಕ್ಕೆ ಕಪ್ಪೆಚಿಪ್ಪಿನ ಮೇಲೆ ನಡೆದ ಪರೀಕ್ಷೆಗಳೇ ದೊಡ್ಡ ಕಾರಣ. ಗದ್ದೆಗೆ ಮೇಲುಗೊಬ್ಬರ ಹಾಕುವಾಗ ಮಡೆ ಕಟ್ಟಿ ಕೆಲವು ದಿನ ನೀರು ಹೊರಹೋಗದಂತೆ ನಿಲ್ಲಿಸಿ. ಮಳೆ ಬರುವ ಸೂಚನೆ ಇದ್ದ ದಿನ ಹಾಕಬೇಡಿ. ಗಂಜಳವನ್ನು ಹಳ್ಳಕ್ಕೆ ಬಿಡದೆ ಗೊಬ್ಬರದ ಗುಂಡಿಗೆ ತಿರುಗಿಸಿ. ಇದರಲ್ಲಿ ಚಿಪ್ಪಿಗಾಗುವ ಉಪಕಾರಕ್ಕಿಂತ ನಿಮ್ಮ ಜೇಬಿಗಾಗುವ ಉಪಕಾರವೇ ದೊಡ್ಡದು. ಹಳ್ಳಕ್ಕೆ ಹರಿದ ಯೂರಿಯಾ ಎಂದರೆ ಹಳ್ಳಕ್ಕೆ ಹರಿದ ದುಡ್ಡು.

ಮೂರನೆಯದು ಬೇಸಿಗೆಯ ಮಡು. ಹರಿವು ತಗ್ಗಿದಾಗ ಮೀನು, ಚಿಪ್ಪು ಎಲ್ಲವೂ ಉಳಿದುಕೊಳ್ಳುವುದು ಮಡುವಿನಲ್ಲಿ, ಬಂಡೆಯ ಸಂದಿಯಲ್ಲಿ. ನಾಲ್ಕು ತೋಟದವರು ನಾಲ್ಕು ಪಂಪು ಇಟ್ಟು ತಳ ಕಾಣುವವರೆಗೆ ಎಳೆದರೆ ಮೀನಾದರೂ ಬೇರೆಡೆಗೆ ಓಡೀತು, ಅಂಟಿಕೊಂಡ ಬಂಡೆಚಿಪ್ಪು ಓಡುವುದೆಲ್ಲಿಗೆ? ಬಿಸಿಲಿಗೆ ಸಿಕ್ಕಿ ಸಾಯುತ್ತದೆ. ಮಡುವನ್ನು ಹಂಚಿಕೊಂಡವರು ಕೂತು ಮಾತಾಡಿ, ಇಷ್ಟು ಮಟ್ಟಕ್ಕಿಂತ ಕೆಳಗೆ ನೀರು ಎಳೆಯುವುದಿಲ್ಲ ಎಂದು ಬಂಡೆಗೊಂದು ಗುರುತು ಹಾಕಿಕೊಳ್ಳಿ. ಬರದ ವರ್ಷದಲ್ಲಿ ದನಕರುಗಳ ನೀರಿಗೂ ಅದೇ ಆಸರೆ.

ನಾಲ್ಕನೆಯದು ಮೀನು. ತೋಟೆ ಸಿಡಿಸುವುದು, ವಿಷದ ಕಾಯಿ ಅರೆದು ಹಾಕುವುದು, ಮೈಲುತುತ್ತವನ್ನೇ ನೀರಿಗೆ ಕಲಸಿ ಮೀನು ತೇಲಿಸುವುದು ಇವುಗಳಿಂದ ಒಂದು ದಿನದ ಸಾರಿಗೆ ಹತ್ತು ವರ್ಷದ ಹೊಳೆ ಹಾಳು. ನಮ್ಮ ಹಿರಿಯರು ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವರ ಮೀನೆಂದು ಹೊಳೆಯ ಮೀನನ್ನು ಮುಟ್ಟದೆ ಕಾಪಾಡಿಕೊಂಡು ಬಂದಿದ್ದಾರೆ. ತೀರ್ಥಹಳ್ಳಿಯ ಬಳಿ ತುಂಗೆಯಲ್ಲಿ ಚಿಪ್ಪಲಗುಡ್ಡೆ ಮತ್ಸ್ಯಧಾಮವೂ ಇದೆ. ಮೀನು ಉಳಿದ ಕಡೆ ಅದನ್ನು ನಂಬಿದ ಜೀವಗಳಿಗೂ ಬದುಕುವ ಆಸೆ ಉಂಟು.

ಐದನೆಯದು ಮರಳು ಮತ್ತು ಬಂಡೆ. ಅನುಮತಿಯಿಲ್ಲದೆ ಮರಳು ತೆಗೆಯುವ ಕಡೆ ನೀರು ಕದಡಿ ಕೆಳಗಿನ ಬಂಡೆಗಳ ಮೇಲೆ ಮಣ್ಣು ಕೂರುತ್ತದೆ, ತಳದ ಚಿಪ್ಪು ಮರಳಿನ ಜತೆಗೇ ಲಾರಿ ಹತ್ತುತ್ತದೆ. ಹೊಳೆಯ ದಡದ ಗಿಡಮರಗಳನ್ನು ಕಡಿಯದೆ ಬಿಡಿ. ನಿಮ್ಮ ಮೇಲ್ಮಣ್ಣೂ ಉಳಿಯುತ್ತದೆ, ಹೊಳೆಯೂ ತಿಳಿಯಾಗಿರುತ್ತದೆ.

ಮುತ್ತಿನ ಕೃಷಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಭುವನೇಶ್ವರದ ಬಳಿಯ ಕೌಸಲ್ಯಗಂಗದಲ್ಲಿರುವ ಕೇಂದ್ರೀಯ ಸಿಹಿನೀರು ಮತ್ಸ್ಯ ಕೃಷಿ ಸಂಸ್ಥೆಯವರು ಲ್ಯಾಮೆಲಿಡೆನ್ಸ್ ಕುಲದ ಎರಡು ಜಾತಿ ಮತ್ತು ಪರೇಷಿಯಾ ಕೊರುಗಾಟ ಇವುಗಳಲ್ಲಿ ಮುತ್ತು ಬೆಳೆಸುವ ಕ್ರಮವನ್ನು ರೂಪಿಸಿದ್ದಾರೆ. ಆಸಕ್ತಿ ಇದ್ದವರು ತರಬೇತಿ ಪಡೆದು ಕೊಳದಲ್ಲಿ ಮಾಡಬಹುದು. ಇಲ್ಲೂ ಬಗೆ ತಿಳಿದವನಿಗೇ ಲಾಭ. ಮುತ್ತಿನ ಆಸೆಯಿಂದ ಬಂಡೆಚಿಪ್ಪನ್ನು ಉಳಿಯಿಂದ ಕಿತ್ತರೆ ಚಿಪ್ಪು ಒಡೆದು ಜೀವ ಸಾಯುತ್ತದೆ, ಕೈಗೆ ಬರುವುದೇನೂ ಇಲ್ಲ.

ಕೊನೆಯದಾಗಿ ಮಕ್ಕಳಿಗೊಂದು ಕೆಲಸ. ಹೊಳೆ ದಂಡೆಯಲ್ಲಿ ಬಿದ್ದಿರುವ ಖಾಲಿ ಚಿಪ್ಪುಗಳನ್ನು ಮಾತ್ರ ಆರಿಸಿ ತರಲಿ. ಜೀವ ಇರುವುದನ್ನು ಮುಟ್ಟುವುದು ಬೇಡ. ಒಂದೊಂದನ್ನೂ ಕಾಗದದಲ್ಲಿ ಕಟ್ಟಿ, ಯಾವ ಊರು, ಯಾವ ಹೊಳೆ, ಯಾವ ತಾರೀಖು, ಕೆಸರೋ ಮರಳೋ ಬಂಡೆಯೋ ಎಂದು ಬರೆದಿಡಲಿ. ಬಂಡೆಗೆ ಅಂಟಿದ ಚಿಪ್ಪು ಕಂಡರೆ ಕೀಳದೆ, ಮೊಬೈಲಿನಲ್ಲಿ ಚಿತ್ರ ತೆಗೆದು ಜಾಗವನ್ನು ಗುರುತು ಮಾಡಿಕೊಳ್ಳಲಿ. ಅದನ್ನು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದ ಉಪಾಧ್ಯಾಯರಿಗೋ ತಾಲ್ಲೂಕಿನ ಮೀನುಗಾರಿಕೆ ಕಚೇರಿಗೋ ತೋರಿಸಿ. 1898ರಲ್ಲಿ ಲಂಡನ್ನಿನ ಪಂಡಿತರಿಗೆ ಈ ಜೀವದ ವಿಷಯ ತಿಳಿದದ್ದೂ ಇಲ್ಲಿಂದ ಯಾರೋ ಒಂದು ಚಿಪ್ಪು ಜೋಪಾನವಾಗಿ ಕಳಿಸಿದ್ದರಿಂದಲೇ. ಪುಸ್ತಕದಲ್ಲಿ ಹೆಸರು ಬರೆಯುವವರು ಅವರು. ಹೊಳೆಯಲ್ಲಿ ಅದು ಇದೆಯೇ ಇಲ್ಲವೇ ಎಂದು ದಿನವೂ ನೋಡುವವರು ನೀವು.

ಈ ಮಳೆಗಾಲ ಕಳೆದು ಹೊಳೆ ತಿಳಿಯಾದಾಗ ಒಮ್ಮೆ ದಂಡೆಗೆ ಹೋಗಿ ನೋಡಿ. ಕೆಸರಿನ ಉದ್ದನೆಯ ಚಿಪ್ಪು, ಸುಕ್ಕುಗೆರೆಯ ಚಿಕ್ಕ ಚಿಪ್ಪು, ಬಂಡೆಗೆ ಮೆತ್ತಿದ ಒರಟು ಚಿಪ್ಪು ಈ ಮೂರರಲ್ಲಿ ನಿಮ್ಮೂರಿನಲ್ಲಿ ಯಾವುದುಂಟು, ಯಾವುದಿಲ್ಲ ಎಂಬುದನ್ನು ಮನೆಮಂದಿಯೆಲ್ಲ ತಿಳಿದುಕೊಳ್ಳಿ. ಅಷ್ಟು ತಿಳಿದ ಮೇಲೆ ಔಷಧಿಯ ಡ್ರಮ್ಮನ್ನು ಎಲ್ಲಿ ತೊಳೆಯಬೇಕು ಎಂದು ನಾನು ಮತ್ತೆ ಹೇಳಬೇಕಾಗಿಲ್ಲ.